ಮಲಗುವುದೂ ಮಲಗಿಸುವುದೂ

ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷು ಹೇಳಿಕೊಡುವ ವಿಚಾರವಾಗಿ ಈ ಪುಟದಲ್ಲಿ ಆಗಾಗ್ಗೆ ಬರೆಯುತ್ತ ಬಂದಿದ್ದೇವೆ. ಈ ತಿಂಗಳು ನೋಡುವುದಕ್ಕೆ ಬಲು ಸಣ್ಣವಾದ, ಆದರೆ ದೊಡ್ಡವರನ್ನೂ ತಡವರಿಸುವಂತೆ ಮಾಡುವ ಎರಡು ಕ್ರಿಯಾಪದಗಳನ್ನು ಎತ್ತಿಕೊಳ್ಳುವೆವು. ಒಂದು ‘ಲೈ’, ಇನ್ನೊಂದು ‘ಲೇ’. ಮೊದಲನೆಯದಕ್ಕೆ ಮಲಗು, ಒರಗು, ಬಿದ್ದಿರು ಎಂದು ಅರ್ಥ. ಎರಡನೆಯದಕ್ಕೆ ಮಲಗಿಸು, ಇಡು, ಹಾಸು ಎಂದು ಅರ್ಥ. ಇಷ್ಟೇ ಆಗಿದ್ದರೆ ಒಂದು ಪುಟವನ್ನು ಇದಕ್ಕಾಗಿ ವ್ಯಯಮಾಡಬೇಕಾಗಿರಲಿಲ್ಲ.

ತೊಡಕು ಎಲ್ಲಿ ಹುಟ್ಟುವುದೆಂಬುದನ್ನು ಒಂದು ರಜಾ ಚೀಟಿಯಿಂದ ತೋರಿಸಬಹುದು. ಜ್ವರದಿಂದ ಮೂರು ದಿನ ಹಾಸಿಗೆ ಹಿಡಿದ ಹುಡುಗನೊಬ್ಬನು ತಾನೇ ಇಂಗ್ಲಿಷಿನಲ್ಲಿ ಚೀಟಿ ಬರೆದು, ಕೆಳಗೆ ತಾಯಿಯ ರುಜು ಹಾಕಿಸಿಕೊಂಡು ಶಾಲೆಗೆ ಹೋಗುವನು. ‘ಮೂರು ದಿನ ಹಾಸಿಗೆಯಲ್ಲಿ ಮಲಗಿದ್ದೆ’ ಎಂಬುದಕ್ಕೆ ಅವನು ‘ಲೈಡ್’ ಎಂದು ಬರೆದಿರುವನು. ‘ಲೈ’ ಎಂಬ ಇದೇ ಅಕ್ಷರಗಳ ಮಾತಿಗೆ ಸುಳ್ಳು ಹೇಳು ಎಂಬ ಅರ್ಥವೂ ಉಂಟು. ‘ಲೈಡ್’ ಎಂಬುದು ಆ ಸುಳ್ಳಿನ ಭೂತಕಾಲ. ಹೀಗಾಗಿ, ನಿಜವಾಗಿಯೂ ಜ್ವರದಲ್ಲಿ ಬೆಂದ ಹುಡುಗನು ‘ಮೂರು ದಿನ ಹಾಸಿಗೆಯಲ್ಲಿ ಸುಳ್ಳು ಹೇಳಿದೆ’ ಎಂದು ಕೈಯಾರ ಬರೆದು, ಅದಕ್ಕೆ ಹೆತ್ತವಳ ಸಾಕ್ಷಿಯನ್ನೂ ಹಾಕಿಸಿದಂತಾಯಿತು. ಮತ್ತೊಬ್ಬ ಹುಡುಗಿ ಅದೇ ಅರ್ಥಕ್ಕೆ ‘ಲೇಯಿಂಗ್’ ಎಂದು ಬರೆಯುವಳು. ‘ಎಷ್ಟು ಮೊಟ್ಟೆ?’ ಎಂದು ತರಗತಿಯೆಲ್ಲ ಕೇಳುವುದು. ಏಕೆಂದರೆ ಕೋಳಿ ಮೊಟ್ಟೆಯಿಡುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ನಗೆಯೇನೋ ಅರೆಗಳಿಗೆಯದು. ಆದರೆ ಹತ್ತು ವರ್ಷದ ಮಗು ಆಮೇಲೆ ಆ ಭಾಷೆಯಲ್ಲಿ ಬಾಯಿ ತೆರೆಯಲು ಅಂಜುವುದು ತಿಂಗಳುಗಟ್ಟಲೆ. ರುಜು ಹಾಕಿದ ತಾಯಿಯೂ ‘ನನಗೆ ತಿಳಿಯದ ವಿದ್ಯೆ ಇದು’ ಎಂದು ಪುಸ್ತಕವನ್ನು ದೂರ ಸರಿಸಿ, ಎಲ್ಲವನ್ನೂ ಮನೆಪಾಠದವರಿಗೆ ಒಪ್ಪಿಸಿಬಿಡುವಳು.

ಹಾಗೆ ಒಪ್ಪಿಸಬೇಕಾದ ಅಗತ್ಯವಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಈ ಒಂದು ಪಾಠದ ಬೀಗದ ಕೈ ಇಂಗ್ಲಿಷು ಬಲ್ಲವರಿಗಿಂತ ಕನ್ನಡ ಬಲ್ಲವರಲ್ಲಿಯೇ ಇದೆ.

‘ಮಗು ಮಲಗಿತು’, ‘ತಾಯಿ ಮಗುವನ್ನು ಮಲಗಿಸಿದಳು’ – ಈ ಎರಡರಲ್ಲಿ ನಮ್ಮ ಮೂರು ವರ್ಷದ ಕೂಸೂ ತಪ್ಪುವುದಿಲ್ಲ. ‘ಅಮ್ಮಾ, ನನ್ನನ್ನು ಮಲಗು’ ಎಂದು ಯಾವ ಮಗುವೂ ಹೇಳಿದ್ದನ್ನು ನಾವು ಕೇಳಿಲ್ಲ. ಕೂಡು, ಕೂಡಿಸು, ಬೀಳು, ಬೀಳಿಸು, ಕುಡಿ, ಕುಡಿಸು, ಇಲ್ಲೆಲ್ಲ ‘ಇಸು’ ಎಂಬ ಪ್ರತ್ಯಯವೊಂದು ಬಂದು, ತಾನು ಮಾಡುವ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುವ ಕೆಲಸವನ್ನಾಗಿ ತಿರುಗಿಸುವುದು. ಪ್ರೇರಣಾರ್ಥಕವೆಂದು ವ್ಯಾಕರಣದಲ್ಲಿ ಇದಕ್ಕೆ ಹೆಸರು. ಹೆಸರು ಮಗುವಿಗೆ ಬೇಕಿಲ್ಲ. ‘ಇಸು’ ಇದ್ದರೆ ‘ಲೇ’, ಇಲ್ಲದಿದ್ದರೆ ‘ಲೈ’ ಎಂದು ಹೇಳಿದರೆ ಮೊದಲ ದಿನದ ಪಾಠ ಮುಗಿಯಿತು. (ಹುಡುಗರನ್ನು ‘ಲೇ’ ಎಂದು ಕೂಗುವ ವಾಡಿಕೆ ನಮ್ಮಲ್ಲಿರುವುದರಿಂದ ಈ ಪಾಠದಲ್ಲಿ ಮಕ್ಕಳು ನಕ್ಕೇ ನಗುವರು. ನಗಲಿ; ನಕ್ಕ ಮಾತು ಮರೆಯುವುದಿಲ್ಲ.)

ಇದು ಬರಿಯ ಹೋಲಿಕೆಯೆಂದು ವಾಚಕರು ಭಾವಿಸಬಾರದು. ಇಂಗ್ಲಿಷಿಗೂ ಒಂದು ಕಾಲದಲ್ಲಿ ಅದರದೇ ಆದ ‘ಇಸು’ ಇತ್ತು. ಸಾವಿರ ವರ್ಷಗಳ ಹಿಂದಣ ಇಂಗ್ಲಿಷಿನಲ್ಲಿ ಮಲಗು ಎಂಬುದಕ್ಕೆ ‘ಲಿಜ್ಜನ್’ ಎಂದೂ ಮಲಗಿಸು ಎಂಬುದಕ್ಕೆ ‘ಲೆಜ್ಜನ್’ ಎಂದೂ ಹೇಳುತ್ತಿದ್ದರು. ಅದಕ್ಕೂ ಹಿಂದೆ, ಆ ಭಾಷೆಯ ಮೂಲದಲ್ಲಿ, ಮಾಡಿಸುವ ಅರ್ಥಕ್ಕಾಗಿ ಯಕಾರವುಳ್ಳ ಪ್ರತ್ಯಯವೊಂದು ಸೇರುತ್ತಿತ್ತು. ಅದು ತನ್ನ ಹಿಂದಿನ ಸ್ವರವನ್ನು ಬದಲಾಯಿಸಿ ತಾನು ಸವೆದುಹೋಯಿತು. ಪ್ರತ್ಯಯ ಹೋಯಿತು, ಸ್ವರಭೇದ ಮಾತ್ರ ಉಳಿಯಿತು. ‘ಸಿಟ್’ ಎಂದರೆ ಕೂಡು, ‘ಸೆಟ್’ ಎಂದರೆ ಮೂಲತಃ ಕೂಡಿಸು. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಮರವನ್ನು ಕಡಿದು ಬೀಳಿಸು. ‘ಡ್ರಿಂಕ್’ ಎಂದರೆ ಕುಡಿ, ‘ಡ್ರೆಂಚ್’ ಎಂದರೆ ಮೊದಲಿಗೆ ಕುಡಿಸು ಎಂದೇ ಅರ್ಥವಿದ್ದಿತು. ಈಗ ‘ಡ್ರೆಂಚ್’ ಎಂದರೆ ಮಳೆಯಲ್ಲಿ ತೊಯ್ಯಿಸುವುದೆಂಬ ಅರ್ಥವೇ ಜನರಿಗೆ ಪರಿಚಿತ. ಆದರೆ ಹಳ್ಳಿಯಲ್ಲಿ ಗೊಟ್ಟದಿಂದ ದನದ ಬಾಯಿಗೆ ಔಷಧ ಹೊಯ್ಯುವ ಕೆಲಸಕ್ಕೆ ಪಶುವೈದ್ಯರು ಇಂಗ್ಲಿಷಿನಲ್ಲಿ ಇಂದಿಗೂ ಇದೇ ಮಾತನ್ನು ಬಳಸುವರು. ಗೊಟ್ಟ ಹಿಡಿದ ಅಜ್ಜನನ್ನು ಕಂಡಿರುವ ಮಗುವಿಗೆ ‘ಡ್ರೆಂಚ್’ ಹೊಸ ಪದವಾಗಲಾರದು.

ನಮ್ಮ ಭಾಷೆಯೂ ಎಲ್ಲೆಡೆ ಸರಳವೆಂದು ನಾವು ಹೇಳುವುದಿಲ್ಲ. ಏಳು ಎಂಬುದಕ್ಕೆ ‘ಏಳಿಸು’ ಎಂದು ಕೆಲವರು ಹೇಳಿದರೂ ಬರವಣಿಗೆಯಲ್ಲಿ ಎಬ್ಬಿಸು ಎಂಬುದೇ ರೂಢಿ, ವಸ್ತುವಾದರೆ ಎತ್ತು. ‘ರೈಜ್’, ‘ರೇಜ್’ ಎಂಬ ಜೋಡಿಯನ್ನು ಕಲಿಸುವಾಗ ಇದು ಒದಗುವುದು: ಸೂರ್ಯನು ಏಳುವನು, ಹುಡುಗನು ಕೈ ಎತ್ತುವನು.

ಎರಡನೆಯ ದಿನದ ಪಾಠದಲ್ಲಿ ಒಂದು ಎಚ್ಚರಿಕೆ ಬೇಕು. ಕನ್ನಡದ ಮಾತಿನಲ್ಲಿ ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿಯನ್ನು ಬಿಟ್ಟುಬಿಡುವುದು ನಮಗೆಲ್ಲ ರೂಢಿ. ‘ಅಜ್ಜಿ ಚಾಪೆ ಹಾಸಿದಳು’ ಎನ್ನುವೆವೇ ಹೊರತು ಚಾಪೆಯನ್ನು ಎನ್ನುವುದಿಲ್ಲ. ಹಾಸು, ಇಡು, ಹಾಕು ಎಂಬ ಮಾತುಗಳಲ್ಲಿ ‘ಇಸು’ ಕೂಡ ಕಾಣದು. ಆದುದರಿಂದ ನಮ್ಮ ಶಾಲೆಗಳಲ್ಲಿ ಸಕರ್ಮಕ ಅಕರ್ಮಕಗಳನ್ನು ಗುರುತಿಸಲು ಹಿಂದಿನಿಂದ ಹೇಳಿಕೊಡುವ ಪ್ರಶ್ನೆಯನ್ನೇ ಮಗುವಿನ ಕೈಯಲ್ಲಿ ಕೇಳಿಸತಕ್ಕದ್ದು: ‘ಏನನ್ನು? ಯಾರನ್ನು?’ ಅಜ್ಜಿ ಹಾಸಿದಳು – ಏನನ್ನು? ಚಾಪೆಯನ್ನು. ಉತ್ತರ ದೊರೆತರೆ ‘ಲೇ’. ಬೆಕ್ಕು ಮಲಗಿದೆ – ಏನನ್ನು? ಪ್ರಶ್ನೆಯೇ ಕೂಡುವುದಿಲ್ಲ, ಆದ್ದರಿಂದ ‘ಲೈ’. ಊಟಕ್ಕೆ ಎಲೆ ಹಾಕುವುದು, ಇಟ್ಟಿಗೆ ಇಡುವುದು, ಕೋಳಿ ಮೊಟ್ಟೆಯಿಡುವುದು, ಮಂತ್ರಿಗಳು ಅಡಿಗಲ್ಲಿಡುವುದು – ಇವೆಲ್ಲಕ್ಕೂ ‘ಏನನ್ನು’ ಎಂಬುದಕ್ಕೆ ಉತ್ತರವುಂಟು. ಪುಸ್ತಕ ನೆಲದ ಮೇಲೆ ಬಿದ್ದಿದೆ, ಊರು ನದಿಯ ದಡದಲ್ಲಿದೆ – ಇವಕ್ಕೆ ಇಲ್ಲ. ಇಲ್ಲಿಯೂ ‘ಲೈ’ ಸಲ್ಲುವುದು. ಮಗು ಕಣ್ಣು ಮುಚ್ಚಿ ನಿದ್ದೆಹೋಗಿರುವುದನ್ನೂ ನಾವು ‘ಮಲಗಿದೆ’ ಎಂದೇ ಹೇಳುವುದರಿಂದ, ನಿದ್ದೆಯ ಅರ್ಥವಿದ್ದಲ್ಲಿ ‘ಸ್ಲೀಪ್’ ಎಂಬ ಬೇರೆ ಪದವೇ ಬೇಕೆಂದು ಒಮ್ಮೆ ತಿಳಿಸಿದರೆ ಸಾಕು.

ಇನ್ನು ನಿಜವಾದ ಬೋನು. ‘ಲೈ’ ಎಂಬುದರ ಭೂತಕಾಲ ‘ಲೇ’! ನಿನ್ನೆ ಮಗು ಮಲಗಿತು ಎನ್ನುವಾಗಲೂ ‘ಲೇ’, ಈಗ ಮಗುವನ್ನು ಮಲಗಿಸು ಎನ್ನುವಾಗಲೂ ‘ಲೇ’. ಮಲಗಿಸಿದಳು ಎಂಬುದಕ್ಕೆ ‘ಲೇಡ್’. ‘ಹ್ಯಾವ್’, ‘ಹ್ಯಾಡ್’ ಸೇರಿದಾಗ ಮಲಗುವುದು ‘ಲೇನ್’ ಆಗುವುದು, ಮಲಗಿಸುವುದು ‘ಲೇಡ್’ ಆಗಿಯೇ ಉಳಿಯುವುದು. ಸುಳ್ಳಿಗೆ ಎರಡು ಕಡೆಯೂ ‘ಲೈಡ್’. ಮರ ಬೀಳುವ ಜೋಡಿಯಲ್ಲಿಯೂ ಇದೇ ಬೋನು: ನಿನ್ನೆ ಮರ ಬಿತ್ತು ಎಂಬುದಕ್ಕೆ ‘ಫೆಲ್’, ಮರವನ್ನು ಬೀಳಿಸು ಎಂಬುದಕ್ಕೂ ‘ಫೆಲ್’, ಬೀಳಿಸಿದನು ಎಂಬುದಕ್ಕೆ ‘ಫೆಲ್ಡ್’. ಒಂದನ್ನು ಹಿಡಿದ ಮಗುವಿಗೆ ಇನ್ನೊಂದು ತಾನಾಗಿ ಸಿಕ್ಕುವುದು.

ಪರೀಕ್ಷೆಗೆಂದು ಅಚ್ಚಾಗುವ ಕೈಪಿಡಿಗಳು ಈ ರೂಪಗಳನ್ನೆಲ್ಲ ಒಂದು ಪಟ್ಟಿಯಾಗಿ ಮೊದಲ ದಿನವೇ ಬಾಯಿಪಾಠಕ್ಕೆ ಇಡುವುವು. ಇದು ನಮಗೆ ಸ್ವಲ್ಪವೂ ಸಮ್ಮತವಲ್ಲ. ಅರ್ಥ ನೆಲೆಗೊಳ್ಳುವ ಮುನ್ನ ರೂಪಗಳನ್ನು ಸುರಿದರೆ ‘ಲೇ’ ಎಂಬುದು ಎರಡು ಸಾಲುಗಳಲ್ಲಿ ಕಂಡು ಮಗುವಿನ ತಲೆಯಲ್ಲಿ ಎರಡೂ ಒಂದಾಗಿಬಿಡುವುವು. ಒಂದು ವಾರ ವರ್ತಮಾನಕಾಲವನ್ನು ಮಾತ್ರ ಬಳಸಿರಿ. ಅದೂ ಪುಸ್ತಕದಿಂದಲ್ಲ, ಆಟದಿಂದ. ಮಗುವಿನ ಕೈಗೆ ಗೊಂಬೆ ಕೊಟ್ಟು, ‘ಲೇ’ ಎಂದಾಗ ಗೊಂಬೆಯನ್ನು ಮಲಗಿಸಲಿ, ‘ಲೈ’ ಎಂದಾಗ ತಾನೇ ಚಾಪೆಯ ಮೇಲೆ ಒರಗಲಿ. ಎರಡು ಮಕ್ಕಳಿದ್ದರೆ ಒಬ್ಬರು ಅಪ್ಪಣೆ ಕೊಡಲಿ, ಇನ್ನೊಬ್ಬರು ನಡೆಸಲಿ. ತಪ್ಪಿದವರು ಅಪ್ಪಣೆ ಕೊಡುವ ಸರದಿಗೆ ಬರಲಿ. ತಾಯಿ ಕಲಿಯಬೇಕಾದುದು ಈ ಎರಡು ಉಚ್ಚಾರಣೆಗಳನ್ನು ಮಾತ್ರ. ಭೂತಕಾಲವನ್ನು ಎರಡನೆಯ ವಾರ ‘ನಿನ್ನೆ’ ಎಂಬ ಮಾತಿನೊಡನೆಯೇ ತನ್ನಿರಿ: ನಿನ್ನೆ ನಾನು ಮಲಗಿದೆ, ನಿನ್ನೆ ಗೊಂಬೆಯನ್ನು ಮಲಗಿಸಿದೆ. ‘ಲೇನ್’ ಎಂಬುದು ಮಾತಿನಲ್ಲಿ ಅಪರೂಪ. ಮೇಲಿನ ತರಗತಿಗೆ ಹೋದ ಮೇಲೆ ಬಂದರೂ ನಷ್ಟವಿಲ್ಲ.

ಮಗು ತಪ್ಪಿದಾಗ ಗದರುವವರಿಗೆ ಒಂದು ಮಾತು. ಇಂಗ್ಲಿಷರೇ 14ನೆಯ ಶತಮಾನದಿಂದ ಈ ಎರಡನ್ನು ಬೆರಸುತ್ತ ಬಂದಿರುವರು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅವರ ವೈಯಾಕರಣರು ಇದನ್ನು ದೋಷವೆಂದು ಖಂಡಿಸತೊಡಗಿದರು. ಆದರೂ 1818ರಲ್ಲಿ ಪ್ರಕಟವಾದ ‘ಚೈಲ್ಡ್ ಹೆರಾಲ್ಡ್’ ಕಾವ್ಯದ ನಾಲ್ಕನೆಯ ಸರ್ಗದಲ್ಲಿ, ಸಮುದ್ರವನ್ನು ಕುರಿತ ಪದ್ಯವೊಂದರ ಕೊನೆಯಲ್ಲಿ, ಬೈರನ್ ಕವಿಯು ‘ಲೈ’ ಇರಬೇಕಾದಲ್ಲಿ ಪ್ರಾಸ ಕೂಡುವ ‘ಲೇ’ ಎಂಬುದನ್ನೇ ಇಟ್ಟಿರುವನು. ಆ ದೇಶಗಳಲ್ಲಿ ನಾಯಿಗೆ ಮಲಗೆಂದು ಹೇಳುವಾಗ ಇಂದಿಗೂ ಎಷ್ಟೋ ಜನ ‘ಲೇ ಡೌನ್’ ಎಂದೇ ಹೇಳುವರು, ನಾಯಿಗಳು ಆಕ್ಷೇಪಿಸಿದಂತಿಲ್ಲ. ಮಾತಿನಲ್ಲಿ ಇಷ್ಟು ಸಡಿಲವಿದ್ದರೂ ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಭೇದವನ್ನು ಕಾಯುವರೆಂಬುದು ನಿಜ, ಅದಕ್ಕಾಗಿಯೇ ಕಲಿಸಬೇಕು. ಕೈಯಲ್ಲಿನ ಫೋನು ತಿದ್ದಿಕೊಡುವುದೆಂದು ನೆಚ್ಚಿ ಕೂಡುವುದೂ ಬೇಡ. ಕೇವಲ ಕಾಗುಣಿತವನ್ನು ನೋಡುವ ಯಂತ್ರಕ್ಕೆ ‘ಲೈಡ್’ ಎಂಬುದೂ ಸರಿಯಾದ ಪದವೇ. ಹುಡುಗನಿಗೆ ಬಂದದ್ದು ಜ್ವರವೋ ಸುಳ್ಳೋ ಅದು ಅರಿಯದು.

ರಜಾ ಚೀಟಿ ಬರೆಯುವ ಮಕ್ಕಳಿಗೆ ಒಂದು ಅಕ್ಷರದ ವಿಚಾರವನ್ನೂ ಹೇಳಬೇಕು. ‘ಲೈ’ ಎಂಬುದಕ್ಕೆ ‘ಇಂಗ್’ ಸೇರುವಾಗ ಅದರ ಕೊನೆಯ ಐ, ಇ ಎಂಬ ಎರಡು ಅಕ್ಷರಗಳು ಹೋಗಿ ಆ ಸ್ಥಳದಲ್ಲಿ ವೈ ಬರುವುದು. ‘ಲೇ’ ಎಂಬುದರಲ್ಲಿ ವೈ ಮೊದಲೇ ಇದೆ, ಏನೂ ಬದಲಾಗದು.

ಕೆಳಗಿನ ವಾಕ್ಯಗಳಲ್ಲಿ ಎಲ್ಲೆಲ್ಲಿ ಯಾವ ಮಾತು, ಯಾವ ರೂಪ ಬರುವುದೆಂದು ಮಕ್ಕಳಿಂದ ಹೇಳಿಸಿರಿ. ಬೆಕ್ಕು ಒಲೆಯ ಬಳಿ ಮಲಗಿದೆ. ನಿನ್ನೆ ಮಧ್ಯಾಹ್ನ ಅಪ್ಪ ಸ್ವಲ್ಪ ಹೊತ್ತು ಒರಗಿದರು. ಅಕ್ಕ ತಮ್ಮನನ್ನು ತೊಟ್ಟಿಲಿನಲ್ಲಿ ಮಲಗಿಸಿದಳು. ಹಂಪೆಯು ತುಂಗಭದ್ರೆಯ ದಡದಲ್ಲಿದೆ. ಮೇಸ್ತ್ರಿಯು ಇಟ್ಟಿಗೆ ಇಡುತ್ತಿದ್ದಾನೆ. ಮೂರು ದಿನ ಜ್ವರದಿಂದ ಹಾಸಿಗೆಯಲ್ಲಿ ಮಲಗಿದ್ದೆ. ಉತ್ತರಗಳು ಮುಂದಿನ ಸಂಚಿಕೆಯಲ್ಲಿ ಬರುವುವು. ಅದರೊಡನೆ, ಕಡ ಕೊಡುವುದಕ್ಕೂ ಕಡ ತರುವುದಕ್ಕೂ ಇಂಗ್ಲಿಷಿನಲ್ಲಿರುವ ‘ಲೆಂಡ್’, ‘ಬಾರೋ’ ಎಂಬ ಜೋಡಿಯನ್ನು ನೋಡುವೆವು.