ತೆರಿಗೆಯಿಲ್ಲದ ಬಿಸಿಲು

ಮನುಷ್ಯ ಊರು ಬಿಡುವುದು ಹೊಸ ಸಂಗತಿಯಲ್ಲ. ಬರ ಬಂದರೆ ಬಿಡುತ್ತಾನೆ, ಯುದ್ಧ ಬಂದರೆ ಬಿಡುತ್ತಾನೆ, ಕೆಲಸ ಸಿಕ್ಕದಿದ್ದರೆ ಬಿಡುತ್ತಾನೆ. ದಾಯಾದಿಗಳ ಕಾಟ ತಾಳಲಾರದೆ ಬಿಟ್ಟವರೂ ಉಂಟು. ಇವರಲ್ಲಿ ಯಾರ ಮೇಲೂ ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಈಚೆಗೆ ಹುಟ್ಟಿಕೊಂಡಿರುವ ಒಂದು ಬಗೆಯ ವಲಸೆಯ ಮೇಲೆ. ಹೊಟ್ಟೆ ತುಂಬಿದವನು, ಯಾರ ಕಾಟವೂ ಇಲ್ಲದವನು, ತೆರಿಗೆಯ ಲೆಕ್ಕವನ್ನೂ ಹವಾಮಾನದ ಲೆಕ್ಕವನ್ನೂ ಒಂದೇ ಹಾಳೆಯ ಮೇಲೆ ಬರೆದು, ಕೂಡಿ ಕಳೆದು, ಭೂಮಧ್ಯ ಸಮುದ್ರದ ಯಾವುದಾದರೊಂದು ದ್ವೀಪಕ್ಕೆ ಬಿಡಾರ ಸಾಗಿಸುತ್ತಾನಲ್ಲ, ಆ ವಲಸೆ. ‘ಜೀವನಶೈಲಿಗಾಗಿ ಹೋಗುತ್ತಿದ್ದೇನೆ’ ಎಂದು ಅದಕ್ಕೆ ಅವನೇ ನಾಮಕರಣ ಮಾಡಿಕೊಳ್ಳುತ್ತಾನೆ.

ಮಾತು ಗಾಳಿಯಲ್ಲಿ ತೇಲಬಾರದು, ಸೈಪ್ರಸ್ಸನ್ನೇ ತೆಗೆದುಕೊಳ್ಳುತ್ತೇನೆ. ಇಡೀ ದ್ವೀಪ ಸೇರಿದರೂ ನಮ್ಮ ತುಮಕೂರು ಜಿಲ್ಲೆಗಿಂತ ಚಿಕ್ಕದು. 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. 2004ರಲ್ಲಿ ಯೂರೋಪಿಯನ್ ಒಕ್ಕೂಟ ಸೇರಿತು. 2015ರಲ್ಲಿ ಅಲ್ಲಿನ ಶಾಸನಸಭೆ ಒಂದು ಕಾಯಿದೆ ಮಾಡಿತು: ದ್ವೀಪದಲ್ಲಿ ವಾಸವಾಗಿದ್ದರೂ ಮೂಲನೆಲೆ ಬೇರೆ ಕಡೆ ಇರುವವನಿಗೆ, ಕಂಪೆನಿಯ ಲಾಭಾಂಶದ ಮೇಲೂ ಬಡ್ಡಿಯ ಮೇಲೂ ಬೀಳುವ ಒಂದು ಕರದಿಂದ 17 ವರ್ಷ ವಿನಾಯಿತಿ. 2017ರಲ್ಲಿ ಇನ್ನೊಂದು ಅನುಕೂಲ: ವರ್ಷಕ್ಕೆ 60 ದಿನ ದ್ವೀಪದಲ್ಲಿದ್ದು, ಅಲ್ಲೊಂದು ಮನೆ, ಒಂದು ಉದ್ಯೋಗವೋ ಕಂಪೆನಿಯ ನಿರ್ದೇಶಕ ಪದವಿಯೋ ಇದ್ದು, ಬೇರೆ ಯಾವೊಂದು ದೇಶದಲ್ಲೂ 183 ದಿನಕ್ಕಿಂತ ಹೆಚ್ಚು ನಿಲ್ಲದಿದ್ದರೆ, ತೆರಿಗೆಯ ಮಟ್ಟಿಗೆ ಅವನು ದ್ವೀಪವಾಸಿಯಾಗಬಹುದು. 2022ರಲ್ಲಿ ಮೂರನೆಯದು: ಹೊರಗಿನಿಂದ ಬಂದು ವರ್ಷಕ್ಕೆ 55,000 ಯೂರೋಗಿಂತ ಹೆಚ್ಚು ಸಂಬಳ ಪಡೆಯುವವನ ಸಂಬಳದಲ್ಲಿ ಅರ್ಧಕ್ಕೆ ತೆರಿಗೆಯಿಲ್ಲ, ಇದೂ 17 ವರ್ಷ.

ಅರವತ್ತು ದಿನವೆಂದರೆ ಎರಡು ತಿಂಗಳು. ಹೆರಿಗೆಗೆಂದು ತವರಿಗೆ ಬಂದ ಮಗಳು ಇದಕ್ಕಿಂತ ಹೆಚ್ಚು ದಿನ ಇರುತ್ತಾಳೆ. ಅವಳನ್ನು ಯಾರೂ ಆ ಊರಿನ ಒಕ್ಕಲೆಂದು ಬರೆದುಕೊಳ್ಳುವುದಿಲ್ಲ. ಆದರೆ ನನ್ನ ಆಕ್ಷೇಪ ದಿನಗಳ ಎಣಿಕೆಯ ಮೇಲೂ ಅಲ್ಲ. 2015ರ ವಿನಾಯಿತಿಯ ತಿರುಳನ್ನು ಗಮನಿಸಬೇಕು. ‘ನೀನು ನಮ್ಮವನಲ್ಲ’ ಎಂಬುದಕ್ಕೇ ಅಲ್ಲಿ ಬಹುಮಾನ. ಬಂದವನು ಆ ಮಣ್ಣಿನಲ್ಲಿ ಬೇರು ಬಿಡದಿದ್ದಷ್ಟೂ ಲಾಭ. ಬೇರು ಬಿಟ್ಟನೋ, ನೆರೆಯವನಂತೆ ಅವನೂ ಕಕ್ಕಬೇಕು.

ಆ ವಿನಾಯಿತಿ ಯಾವ ಕರದಿಂದ ಎಂಬುದನ್ನು ವಾಚಕರು ಕೇಳಬೇಕು. ಅದರ ಹೆಸರು ‘ರಕ್ಷಣೆಗಾಗಿ ವಿಶೇಷ ವಂತಿಗೆ’. ಯಾವ ರಕ್ಷಣೆ? 1974ರ ಜುಲೈನಲ್ಲಿ ದ್ವೀಪದಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು; ಹಿಂದೆಯೇ ತುರ್ಕಿಯ ಸೈನ್ಯ ಬಂದಿಳಿಯಿತು. ದ್ವೀಪದ ಮೂರನೆಯ ಒಂದು ಪಾಲಿಗೂ ಹೆಚ್ಚು ನೆಲ ಅಂದಿನಿಂದ ಬೇರೆಯಾಗಿದೆ. ಲಕ್ಷಾಂತರ ಜನ, ಗ್ರೀಕರು ದಕ್ಷಿಣಕ್ಕೂ ತುರ್ಕರು ಉತ್ತರಕ್ಕೂ, ಮನೆಮಠ ಬಿಟ್ಟು ಓಡಿದರು. ರಾಜಧಾನಿ ನಿಕೋಸಿಯಾದ ನಡುವೆ ಇಂದಿಗೂ ವಿಶ್ವಸಂಸ್ಥೆಯ ಪಹರೆಯ ಗೆರೆಯೊಂದು ಹಾದುಹೋಗಿದೆ. ದಕ್ಷಿಣದ ಗ್ರೀಕ್ ಮನೆಯಲ್ಲಿ ಹುಟ್ಟಿದ ಗಂಡುಹುಡುಗ 2016ರಿಂದೀಚೆಗೆ 14 ತಿಂಗಳು ಕಡ್ಡಾಯವಾಗಿ ಸೈನ್ಯದಲ್ಲಿ ದುಡಿಯಬೇಕು. ಅದಕ್ಕೂ ಹಿಂದಿನವರು ಇನ್ನೂ ಹೆಚ್ಚು ದುಡಿದರು. ಅವನ ತಂದೆ 2015ರಲ್ಲಿ ಲಾಭಾಂಶದ ಮೇಲೆ ನೂರಕ್ಕೆ 17ರಂತೆ ಈ ವಂತಿಗೆ ತೆರುತ್ತಿದ್ದ. ಪಕ್ಕದ ಮನೆಗೆ ಆ ವರ್ಷ ಬಿಸಿಲು ಕಾಯಿಸಿಕೊಳ್ಳಲು ಬಂದವನಿಗೆ ಅದು ಸೊನ್ನೆ. ಕಾವಲು ಒಬ್ಬರದು, ನಿದ್ದೆ ಇನ್ನೊಬ್ಬರದು!

ಈ ದ್ವೀಪದೊಡನೆ ನಮಗೆ ಹಳೆಯದೊಂದು ನಂಟಿದೆ. 1964ರಲ್ಲಿ ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದಾಗ ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ದಳಪತಿಯಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯನವರು. ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದವರು. ಮಡಿಕೇರಿಯ ಅವರ ಮನೆಯ ಹೆಸರು ‘ಸನ್ನಿಸೈಡ್’. ಬಿಸಿಲಿಗಾಗಿ ಅವರು ಸಮುದ್ರ ದಾಟಬೇಕಾಗಿರಲಿಲ್ಲ. ಇಬ್ಬರ ಜಗಳದ ನಡುವೆ ನಿಲ್ಲಲು ಹೋದರು. 1965ರ ಡಿಸೆಂಬರಿನಲ್ಲಿ ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. 1966ರಲ್ಲಿ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಒಂದೂವರೆ ವರ್ಷವೂ ತುಂಬಿರದ ಆ ವಾಸಕ್ಕೆ ದ್ವೀಪ ಕೊಟ್ಟ ಮಾನ ಅದು. ಎಲ್ಲರೂ ತಿಮ್ಮಯ್ಯನವರಾಗಬೇಕೆಂದು ನಾನು ಹೇಳಲಾರೆ. ಪರರ ನೆಲದಲ್ಲಿ ಬದುಕುವುದಕ್ಕೂ ಒಂದು ಮರ್ಯಾದೆ ಇದೆ ಎಂಬುದನ್ನಷ್ಟೇ ನೆನಪಿಸುತ್ತೇನೆ.

ಮರ್ಯಾದೆ ಮರೆತರೆ ಏನಾಗುತ್ತದೆ ಎಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. ಉತ್ತರ ಭಾಗದ ಲಾಪಿಥೋಸ್ ಎಂಬಲ್ಲಿ ಬ್ರಿಟಿಷ್ ದಂಪತಿಗಳು ನೆಲ ಕೊಂಡು, ಈಜುಕೊಳ ಸಹಿತ ಮನೆ ಕಟ್ಟಿಸಿದರು. ಆ ನೆಲದಿಂದ 1974ರಲ್ಲಿ ಓಡಿಹೋಗಿದ್ದ ಕುಟುಂಬದ ಗ್ರೀಕನೊಬ್ಬ ದಾವೆ ಹೂಡಿದ. ಮನೆ ಕೆಡವಿ ನೆಲ ಬಿಟ್ಟುಕೊಡಬೇಕೆಂದು ನಿಕೋಸಿಯಾದ ನ್ಯಾಯಾಲಯ 2004ರಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಮನ್ನಿಸಲೇಬೇಕೆಂದು 2009ರಲ್ಲಿ ಯೂರೋಪಿನ ನ್ಯಾಯಾಲಯವೂ, 2010ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೂ ಹೇಳಿದವು. ಬಿಸಿಲಿಗೆ ಒಡೆಯನಿಲ್ಲ, ನಿಜ. ಬಿಸಿಲು ಬೀಳುವ ನೆಲಕ್ಕೆ ಒಡೆಯನಿರುತ್ತಾನೆ.

‘ಅಲ್ಲಿನ ಸರ್ಕಾರವೇ ಕರೆಯುತ್ತಿದೆ, ನಿಮಗೇನು ಕಷ್ಟ?’ ಎಂದು ಕೇಳುವವರಿದ್ದಾರೆ. ಕರೆಯುವುದೂ ಹೌದು, ಏಕೆ ಕರೆಯುತ್ತದೆ ಎಂಬುದನ್ನೂ ಹೇಳಬೇಕು. 2013ರಲ್ಲಿ ದ್ವೀಪದ ಬ್ಯಾಂಕುಗಳು ಮುಳುಗಿದವು. ಒಂದು ದೊಡ್ಡ ಬ್ಯಾಂಕು ಮುಚ್ಚಿತು. ಇನ್ನೊಂದರಲ್ಲಿ ಲಕ್ಷ ಯೂರೋ ಮೀರಿದ ಠೇವಣಿಯಲ್ಲಿ ನೂರಕ್ಕೆ 47.5 ಪಾಲನ್ನು ಬ್ಯಾಂಕಿನ ಷೇರುಗಳಾಗಿ ಪರಿವರ್ತಿಸಿಬಿಟ್ಟರು. ಹಾಗೆ ಸೋತ ಮನೆ ಬಾಗಿಲಿಗೆ ತೋರಣ ಕಟ್ಟಿ ಹಣವಂತರನ್ನು ಕರೆಯಿತು. ಸೋತವನ ಆಹ್ವಾನವನ್ನು ಹಕ್ಕೆಂದು ಭಾವಿಸುವುದು ದೊಡ್ಡತನವಲ್ಲ. ಸರ್ಕಾರದ ಮುದ್ರೆ ಬಿದ್ದುದೆಲ್ಲ ನ್ಯಾಯವೂ ಅಲ್ಲ. ಬಂಡವಾಳ ಹೂಡಿದವರಿಗೆ ಪೌರತ್ವ ಕೊಡುತ್ತಿದ್ದ ಅಲ್ಲಿನ ಯೋಜನೆಯನ್ನು 2020ರಲ್ಲಿ ರದ್ದು ಮಾಡಬೇಕಾಯಿತು. ಹಂಚಿದ್ದ 6,779 ಪೌರತ್ವಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾನೂನಿಗೆ ವಿರುದ್ಧವೆಂದು ಅಧಿಕೃತ ವಿಚಾರಣಾ ಸಮಿತಿಯೇ 2021ರಲ್ಲಿ ವರದಿ ಮಾಡಿತು.

‘ಬಂದವರು ಖರ್ಚು ಮಾಡುತ್ತಾರೆ, ಊರು ಉದ್ಧಾರವಾಗುತ್ತದೆ’ ಎಂಬುದು ಎರಡನೆಯ ವಾದ. ಖರ್ಚೇನೋ ಮಾಡುತ್ತಾರೆ. ಲಿಮಸೋಲ್ ನಗರದ ಕಡಲತಡಿಯಲ್ಲಿ ಗಗನಚುಂಬಿಗಳು ಎದ್ದಿವೆ. ಜೊತೆಗೆ ಬಾಡಿಗೆಗಳೂ ಎದ್ದಿವೆ. ಅಲ್ಲಿನ ಶಾಲೆಯ ಉಪಾಧ್ಯಾಯನ ಸಂಬಳ ಅವುಗಳ ಜೊತೆ ಏಳುವುದಿಲ್ಲ. ಮಳೆ ಕಡಿಮೆಯ ದ್ವೀಪ ಅದು; 2008ರ ಬರದಲ್ಲಿ ಗ್ರೀಸಿನಿಂದ ಹಡಗಿನಲ್ಲಿ ನೀರು ತರಿಸಿಕೊಂಡರು, ಈಗ ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರೆ. ಮುನ್ನೂರು ದಿನ ಬಿಸಿಲು ಕಾಯ್ದರೆ ಕೆರೆ ಬತ್ತುತ್ತದೆ ಎಂಬುದನ್ನು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಾಹೀರಾತಿನಲ್ಲಿ ಬಿಸಿಲು ಕಾಣುತ್ತದೆ, ಕೊಡ ಕಾಣುವುದಿಲ್ಲ.

ಮೂರನೆಯ ವಾದ ನಮ್ಮ ಬೆಂಗಳೂರಿನದೇ. ‘ಇಲ್ಲಿ ತೆತ್ತು ಏನು ಕಂಡೆವು? ರಸ್ತೆಯ ಗುಂಡಿಯೇ?’ ಇದರಲ್ಲಿ ಸತ್ಯವಿದೆ, ಸಿಟ್ಟಿಗೆ ಕಾರಣವೂ ಇದೆ. ಆದರೆ ಗುಂಡಿಯ ಬಗ್ಗೆ ಗುಡುಗುವ ಅಧಿಕಾರ ಬಂದದ್ದು ತೆತ್ತದ್ದರಿಂದ, ಇಲ್ಲಿಯವನಾದದ್ದರಿಂದ. ದ್ವೀಪಕ್ಕೆ ಹೋದ ನಮ್ಮವನಿಗೆ ಅಲ್ಲಿ ಮತವಿಲ್ಲ. ಇಲ್ಲಿ ಮತವಿದ್ದರೂ ಹಾಕಲು ಬರುವುದಿಲ್ಲ. ಎರಡು ಊರಿನಲ್ಲೂ ಅವನು ಲಾಡ್ಜಿನ ಗಿರಾಕಿ. ಗಿರಾಕಿಗೆ ದೂರು ಕೊಡಲು ಪುಸ್ತಕವಿರುತ್ತದೆ. ಊರಿನ ಸಭೆಯಲ್ಲಿ ಕೂರಲು ಜಾಗವಿರುವುದಿಲ್ಲ. ಗುಂಡಿ ಮುಚ್ಚಿಸಬಲ್ಲ ಶಕ್ತಿವಂತರೆಲ್ಲ ಹೀಗೆ ಗಿರಾಕಿಗಳಾದರೆ, ಗುಂಡಿ ಉಳಿಯುವುದು ಸ್ಕೂಟರಿನಲ್ಲಿ ಹೋಗುವವನ ಪಾಲಿಗೆ.

ಸರ್ಕಾರಗಳಿಗೂ ಇದು ತಿಳಿಯದ್ದಲ್ಲ. ತೆರಿಗೆಯ ಮಾಹಿತಿ ಕೊಡಲಿಲ್ಲವೆಂದು ಭಾರತ 2013ರಲ್ಲಿ ಸೈಪ್ರಸ್ಸನ್ನು ಒಂದು ಎಚ್ಚರಿಕೆಯ ಪಟ್ಟಿಗೆ ಸೇರಿಸಿತು. 2016ರಲ್ಲಿ ಹೊಸ ಒಪ್ಪಂದವಾದ ಮೇಲೆ ತೆಗೆಯಿತು. ಎಲ್ಲಿಯೂ ತೆರಿಗೆಗೆ ಒಳಪಡದ, ಇಲ್ಲಿನ ಮೂಲದಿಂದ 15 ಲಕ್ಷ ಮೀರಿದ ವರಮಾನವುಳ್ಳ ಭಾರತೀಯ ಪೌರನನ್ನು ಇಲ್ಲಿನ ನಿವಾಸಿಯೆಂದೇ ಎಣಿಸಬೇಕೆಂದು 2020ರ ಹಣಕಾಸು ಕಾಯಿದೆ ಹೇಳಿತು. ಆದರೆ ಕಾಯಿದೆ ಬೇಲಿ ಹಾಕಬಲ್ಲದೇ ಹೊರತು ನಾಚಿಕೆ ಹುಟ್ಟಿಸಲಾರದು.

ನಮ್ಮ ಹಳ್ಳಿಗಳಲ್ಲಿ ತೇರು ಎಳೆಯುವ ಮುಂಚೆ ಮನೆಗಿಷ್ಟೆಂದು ವಂತಿಗೆ ಎತ್ತುತ್ತಾರೆ. ಇಲ್ಲದವನಿಗೆ ಬಿಡುತ್ತಾರೆ, ಅವನು ಹಗ್ಗ ಹಿಡಿದರೆ ಸಾಕು. ಉಳ್ಳವನಿಗೆ ಬಿಟ್ಟು ಇಲ್ಲದವನಿಂದ ಎತ್ತಿದ ಊರನ್ನು ನಾನು ಕಂಡಿಲ್ಲ. ಆ ದ್ವೀಪಗಳಲ್ಲಿ ಈಗ ನಡೆಯುತ್ತಿರುವುದು ಅದೇ.

ಆದ್ದರಿಂದ ಹೋಗಬೇಡಿ ಎನ್ನುವುದಿಲ್ಲ. ಹೋಗುವುದಾದರೆ ಪೂರಾ ಹೋಗಿ. ಅಲ್ಲಿನ ಭಾಷೆ ಕಲಿಯಿರಿ, ಅಲ್ಲಿನ ಮಕ್ಕಳ ಜೊತೆ ನಿಮ್ಮ ಮಕ್ಕಳನ್ನು ಕೂರಿಸಿ, ಪಕ್ಕದ ಮನೆಯವನು ತೆರುವುದನ್ನು ನೀವೂ ತೆತ್ತು, ಅವನ ಸಂಗಡ ನಿಂತು ಸರ್ಕಾರವನ್ನು ಬೈಯಿರಿ. ಹಾಗೆ ಹೋದವನನ್ನು ನಾನು ವಲಸೆಗಾರನೆಂದು ಗೌರವಿಸುತ್ತೇನೆ. ವರ್ಷಕ್ಕೆ ಅರವತ್ತು ದಿನ ಎಣಿಸಿಕೊಂಡು ಕೂರುವವನಿಗೆ ಬೇರೆ ಹೆಸರು ಹುಡುಕಬೇಕು.