ದಿನಕ್ಕೆ 25 ಡಾಲರಿನ ಮನುಷ್ಯ

ರೇಮಂಡ್ ಚಾಂಡ್ಲರನ ಹೆಸರೆತ್ತಿದರೆ ಸಾಕು, ಎರಡು ಬಗೆಯ ಮಹಾಶಯರು ಎದುರಾಗುತ್ತಾರೆ. ಮೊದಲನೆಯವರು, ‘ಪತ್ತೇದಾರಿ ಕಾದಂಬರಿಯೆ? ರೈಲಿನಲ್ಲಿ ಹೊತ್ತು ಕಳೆಯುವುದಕ್ಕೆ ಅಡ್ಡಿಯಿಲ್ಲ’ ಎಂದು ಮೂಗು ಮುರಿಯುತ್ತಾರೆ. ಎರಡನೆಯವರು ಅಭಿಮಾನಿಗಳು. ಆದರೆ ಅವರು ಮೆಚ್ಚುವುದು ಫಿಲಿಪ್ ಮಾರ್ಲೋನ ಹ್ಯಾಟನ್ನು, ಸಿಗರೇಟನ್ನು, ವಿಸ್ಕಿಯನ್ನು, ನಾಲಗೆಯ ತುದಿಯಲ್ಲಿರುವ ಚಟಾಕಿಯನ್ನು. ಮೊದಲನೆಯವರು ಓದಿಯೇ ಇಲ್ಲ, ಅವರನ್ನು ಕ್ಷಮಿಸಬಹುದು. ಓದಿಯೂ ಬರಿಯ ವೇಷವನ್ನು ಕಂಡವರಿಗೆ ಏನೆನ್ನೋಣ?

ಮೂಗು ಮುರಿಯುವವರ ಕೈಯಲ್ಲಿ ಒಂದು ಹಳೆಯ ಅಸ್ತ್ರವುಂಟು. ಮಾರ್ಲೋನ ಮೊದಲ ಕಾದಂಬರಿ 1939ರ ‘ದಿ ಬಿಗ್ ಸ್ಲೀಪ್’. ಅದರಲ್ಲಿ ಒಬ್ಬ ಕಾರು ಚಾಲಕ ಕಾರಿನ ಸಮೇತ ಸಮುದ್ರದ ಪಾಲಾಗುತ್ತಾನೆ. ಹಾವರ್ಡ್ ಹಾಕ್ಸ್ ಅದನ್ನು ಚಿತ್ರವಾಗಿ ತೆಗೆಯುತ್ತಿದ್ದಾಗ (ಚಿತ್ರ ತೆರೆಕಂಡದ್ದು 1946ರಲ್ಲಿ) ಅವನನ್ನು ಕೊಂದವರಾರೆಂದು ಕೇಳಿದರೆ, ಬರೆದವನಿಗೇ ಗೊತ್ತಿರಲಿಲ್ಲವಂತೆ! ಸರಿ, ಗಂಟು ಸಡಿಲವೆಂದೇ ಇಟ್ಟುಕೊಳ್ಳೋಣ. ಗಂಟು ಬಿಗಿಯಾಗಿದ್ದ ಎಷ್ಟೋ ಪುಸ್ತಕಗಳನ್ನು ಒಮ್ಮೆ ಬಿಡಿಸಿದ ಮೇಲೆ ನಾವು ಮತ್ತೆ ಮುಟ್ಟಿದ್ದೇವೆಯೆ? ಕೊಲೆಗಾರನ ಹೆಸರು ತಿಳಿದ ಮೇಲೂ ಮಾರ್ಲೋನನ್ನು ಮತ್ತೆ ಓದುತ್ತೇವೆ. ಇವನ್ನು ಕಲಾಕೃತಿಗಳೆಂದೇ ಓದಬೇಕೆಂದು ಕವಿ ಆಡನ್ 1948ರಷ್ಟು ಹಿಂದೆಯೇ ಹೇಳಿದ್ದ. ನಮ್ಮ ಪಂಡಿತರಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ನಾನು ಹೇಳುವುದು ಇಷ್ಟೆ: ಈ ಕಾದಂಬರಿಗಳ ಜೀವ ಹ್ಯಾಟಿನಲ್ಲಿಲ್ಲ, ಹಣದ ಲೆಕ್ಕದಲ್ಲಿದೆ. ಚಾಂಡ್ಲರ್ ಲಾಸ್ ಏಂಜಲಿಸ್ ನಗರದ ತೈಲ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನಾಗಿ ಸೇರಿ, ದೊಡ್ಡ ಅಧಿಕಾರಿಯಾಗಿ, ಕುಡಿತದ ದೆಸೆಯಿಂದ 1932ರಲ್ಲಿ ಕೆಲಸ ಕಳೆದುಕೊಂಡವನು. ಮರುವರ್ಷ, 45ರ ವಯಸ್ಸಿನಲ್ಲಿ, ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಪತ್ರಿಕೆಯಲ್ಲಿ ಅವನ ಮೊದಲ ಪತ್ತೇದಾರಿ ಕತೆ ಅಚ್ಚಾಯಿತು. ಹಣ ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಹೇಗೆ ಮೈ ತೊಳೆದುಕೊಂಡು ಗುಡ್ಡದ ಮೇಲೆ ಬಂಗಲೆ ಕಟ್ಟುತ್ತದೆ ಎಂಬುದನ್ನು ಅವನು ಖಾತೆ ಪುಸ್ತಕದಲ್ಲೇ ಕಂಡಿದ್ದ. ‘ದಿ ಬಿಗ್ ಸ್ಲೀಪ್’ನ ಸ್ಟರ್ನ್‌ವುಡ್ ಮನೆತನದ ಐಶ್ವರ್ಯ ಬಂದದ್ದು ಎಣ್ಣೆಯ ಬಾವಿಗಳಿಂದ. ಕಾಣೆಯಾದ ಅಳಿಯನ ಹೆಣ ಬಿದ್ದಿರುವುದೂ ಅಂಥದೇ ಎಣ್ಣೆಯ ಹೊಂಡದಲ್ಲಿ! ಇದು ಗಂಟು ಬಿಡಿಸುವ ಜಾಣತನವಲ್ಲ, ಒಂದು ಊರಿನ ಚರಿತ್ರೆ. ಸಾಂಟಾ ಮೋನಿಕಾಕ್ಕೆ ‘ಬೇ ಸಿಟಿ’ ಎಂದು ಹೆಸರಿಟ್ಟು, ಅಲ್ಲಿನ ಪೊಲೀಸರು ದುಡ್ಡಿದ್ದವನ ಆಳುಗಳಾದ ಬಗೆಯನ್ನು ಚಾಂಡ್ಲರ್ ಚಿತ್ರಿಸಿದ.

ಇಂಥ ಊರಿನಲ್ಲಿ ಮಾರ್ಲೋನ ದರ ದಿನಕ್ಕೆ 25 ಡಾಲರು, ಖರ್ಚು ಬೇರೆ. ಅವನು ಸನ್ಯಾಸಿಯಲ್ಲ, ಕಚೇರಿಯ ಬಾಡಿಗೆ ಕಟ್ಟಬೇಕಾದವನು. 1953ರ ‘ದಿ ಲಾಂಗ್ ಗುಡ್‌ಬೈ’ಯಲ್ಲಿ ಗೆಳೆಯನೊಬ್ಬ ಅವನಿಗೆ 5,000 ಡಾಲರಿನ ಒಂದೇ ನೋಟನ್ನು ಅಂಚೆಯಲ್ಲಿ ಕಳುಹಿಸುತ್ತಾನೆ. ಮಾರ್ಲೋ ಅದನ್ನು ತೆಗೆದು ನೋಡುತ್ತಾನೆ, ಮತ್ತೆ ಪೆಟ್ಟಿಗೆಯಲ್ಲಿಡುತ್ತಾನೆ, ಕೊನೆಗೆ ಕೊಟ್ಟವನಿಗೇ ಹಿಂದಿರುಗಿಸುತ್ತಾನೆ. ತಿಂಗಳ ಸಂಬಳದಲ್ಲಿ ಬಾಳುವ, ಬೇಡದ ಉಪಕಾರವನ್ನು ಬೇಡವೆನ್ನಲು ಹೆಣಗುವ ನಮಗೆ ಈ ನೋಟಿನ ಭಾರ ಎಷ್ಟೆಂದು ಯಾವ ವಿಮರ್ಶಕನೂ ತಿಳಿಸಬೇಕಾಗಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಹೊಗಳಲಾರೆ. 1940ರ ‘ಫೇರ್‌ವೆಲ್, ಮೈ ಲವ್ಲಿ’ಯ ಆರಂಭದಲ್ಲಿ ಕಪ್ಪು ಜನರ ಪಾನಗೃಹದ ಮ್ಯಾನೇಜರೊಬ್ಬನ ಕೊಲೆಯಾಗುತ್ತದೆ. ಪೊಲೀಸಿನವನಿಗೆ ಆ ಸಾವು ಲೆಕ್ಕಕ್ಕೇ ಇಲ್ಲ. ಚಾಂಡ್ಲರ್ ಅದನ್ನು ಕಹಿಯಾಗಿಯೇ ತೋರಿಸಿದ. ಆದರೆ ತೋರಿಸಿದ ಮೇಲೆ ಅವನ ಕಾದಂಬರಿಯೂ ಆ ಸತ್ತವನನ್ನು ಮರೆತುಬಿಟ್ಟಿತು. ಕೊಲೆಯ ಹೊಣೆ ಕಡೆಗೆ ಹೆಂಗಸಿನ ತಲೆಗೇ ಬರುವುದಂತೂ ಅವನಲ್ಲಿ ಚಾಳಿಯಾಗಿದೆ. ಇವು ಸಣ್ಣ ದೋಷಗಳಲ್ಲ.

ಇನ್ನು ಹ್ಯಾಟಿನ ಭಕ್ತರು. ಚಾಂಡ್ಲರ್ 1959ರಲ್ಲಿ ತೀರಿಕೊಂಡ ಮೇಲೂ ಮಾರ್ಲೋನಿಗೆ ಬಿಡುವು ಸಿಗಲಿಲ್ಲ. 2014ರಲ್ಲಿ ಜಾನ್ ಬ್ಯಾನ್‌ವಿಲ್ ಬೆಂಜಮಿನ್ ಬ್ಲ್ಯಾಕ್ ಎಂಬ ಹೆಸರಿನಿಂದ, 2023ರಲ್ಲಿ ಡೆನಿಸ್ ಮಿನಾ, ಅವನನ್ನು ಮತ್ತೆ ಬೀದಿಗಿಳಿಸಿದರು. ಕೋಟು ಹೊಲಿಸುವುದು ಕಷ್ಟವಲ್ಲ. ಅದರ ಜೇಬಿನ ಬಡತನವನ್ನು ಎರವಲು ತರುವುದು ಹೇಗೆ? ಸ್ವತಃ ಚಾಂಡ್ಲರನೇ ಕಡೆಗಾಲದಲ್ಲಿ ಮಾರ್ಲೋನಿಗೆ ಕೋಟ್ಯಧೀಶನ ಮಗಳನ್ನು ಮದುವೆ ಮಾಡಿಸಿ, ‘ಪೂಡಲ್ ಸ್ಪ್ರಿಂಗ್ಸ್’ ಎಂಬ ಕಾದಂಬರಿಯನ್ನು ಆರಂಭಿಸಿದ್ದ. ನಾಲ್ಕು ಅಧ್ಯಾಯ ಮಾತ್ರ ಬರೆದಿದ್ದ. ಉಳಿದದ್ದನ್ನು ರಾಬರ್ಟ್ ಪಾರ್ಕರ್ ಬರೆದು 1989ರಲ್ಲಿ ಮುಗಿಸಿದ. ಆ ನಾಲ್ಕು ಅಧ್ಯಾಯಗಳಲ್ಲಿ, ಹೆಂಡತಿಯ ಸಿರಿವಂತಿಕೆಯ ನಡುವೆ ಕುಳಿತಿರಲಾರದೆ, ಮಾರ್ಲೋ ಬಾಡಿಗೆಗೆ ಒಂದು ಸಾಧಾರಣ ಕಚೇರಿ ಹುಡುಕಿಕೊಂಡು ಹೊರಡುತ್ತಾನೆ.