ಬಂಡಿ ಎಳೆಯುವ ನಾಯಿಗೆ ಹೊರೆಯ ಮಿತಿ ಎಲ್ಲಿ?

ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದ ಗುಡ್ಡಗಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಸಣ್ಣ ರೈತನಿಗೆ ಕುದುರೆ ಸಾಕುವ ತ್ರಾಣವಿರಲಿಲ್ಲ. ಕೆಲವೇ ಹಸುಗಳ ಹಾಲನ್ನು ದಿನವೂ ಊರಿನ ಚೀಸ್ ತಯಾರಿಕೆಯ ಮನೆಗೆ ಮುಟ್ಟಿಸಬೇಕಾಗಿತ್ತು. ದಾರಿ ಏರುತಗ್ಗಿನದು, ಹಾಲೋ ಹೊತ್ತು ಕಾಯುವ ಪದಾರ್ಥವಲ್ಲ. ಆ ಕೆಲಸಕ್ಕೆ ಅವನು ಹೂಡಿದ್ದು ಅಂಗಳದ ನಾಯಿಯನ್ನು. ಮನೆ ಕಾಯುತ್ತ, ದನ ಅಟ್ಟುತ್ತ, ನಡುವೆ ಹಾಲಿನ ಕ್ಯಾನುಗಳನ್ನು ಹೇರಿದ ಪುಟ್ಟ ಬಂಡಿಯನ್ನೂ ಎಳೆಯುತ್ತಿದ್ದ ಆ ಮೂರು ಬಣ್ಣದ ದೊಡ್ಡ ನಾಯಿಯೇ ಇಂದಿನ ‘ಬರ್ನೀಸ್ ಮೌಂಟನ್ ಡಾಗ್’. ಅದಕ್ಕಿಂತ ದೊಡ್ಡದಾದ ಸೋದರ ತಳಿಗೆ ‘ಬಡವನ ಕುದುರೆ’ ಎಂಬ ಹೆಸರೇ ಬಿದ್ದಿತ್ತು. ಬೆಳಗ್ಗೆ ಸಂಜೆ ಡೇರಿಗೆ ಕ್ಯಾನು ಹೊರುವ ಮಲೆನಾಡಿನ ಮನೆಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಲುಬಂಡಿಯ ಕಾಲ ಮುಗಿದರೂ ಆ ವಿದ್ಯೆ ಅಳಿದಿಲ್ಲ. ಅಮೆರಿಕದ ಬರ್ನೀಸ್ ತಳಿಸಂಘ ಇಂದಿಗೂ ಬಂಡಿ ಎಳೆಯುವ ಪರೀಕ್ಷೆಗಳನ್ನು ನಡೆಸುತ್ತದೆ. ಅಲ್ಲಿನ ಕಲಿಕೆಯ ಕ್ರಮವನ್ನು ಗಮನಿಸಿದರೆ ಅದರ ಮುಕ್ಕಾಲು ಪಾಲು ನಿಧಾನವೇ ಆಗಿದೆ. ದೊಡ್ಡ ತಳಿಯ ನಾಯಿಯ ಎಲುಬು ಬಲಿಯಲು ಒಂದೂವರೆಯಿಂದ ಎರಡು ವರ್ಷ ಬೇಕು. ಅದಕ್ಕೆ ಮೊದಲು ಭಾರ ಹೂಡಿದರೆ ಕೀಲುಗಳು ಕೆಡುತ್ತವೆ. ಅಲ್ಲಿಯವರೆಗೆ ನಿಲ್ಲು, ನಡೆ, ತಿರುಗು ಎಂಬ ಮಾತುಗಳ ಪಾಠವಷ್ಟೇ. ಬಳಿಕ ಬರಿಯ ಎದೆಪಟ್ಟಿ ತೊಡಿಸಿ ಓಡಾಡಿಸುವುದು, ಸದ್ದು ಮಾಡುವ ಹಗುರ ವಸ್ತುವೊಂದನ್ನು ಎಳೆಸಿ ಬೆನ್ನ ಹಿಂದಿನ ಗದ್ದಲದ ಅಂಜಿಕೆ ಬಿಡಿಸುವುದು, ಖಾಲಿ ಬಂಡಿ, ಕಡೆಗೆ ಹೊರೆ. ಪಟ್ಟಿಯು ಎದೆಯ ಮೂಳೆಗೆ ಒರಗಬೇಕು. ಕೊರಳನ್ನು ಒತ್ತಿದರೆ ಉಸಿರು ಕಟ್ಟುತ್ತದೆ, ಭುಜವನ್ನು ಹಿಡಿದರೆ ನಡಿಗೆ ಕೆಡುತ್ತದೆ. ಎರಡು ಗಾಲಿಯ ಬಂಡಿಯಾದರೆ ಭಾರವು ಅಚ್ಚಿನ ಮೇಲೆ ಸಮತೂಗಿ ಕೂರಬೇಕು. ಮುಂದಕ್ಕೆ ವಾಲಿದ್ದೆಲ್ಲ ನಾಯಿಯ ಬೆನ್ನಿಗೇ ಇಳಿಯುತ್ತದೆ. ಗುಡ್ಡದ ದಾರಿಯಲ್ಲಿ ಏರಿಗಿಂತ ಇಳುಕಲೇ ಅಪಾಯ. ಬಂಡಿ ತಾನಾಗಿ ಮುನ್ನುಗ್ಗಿ ಹಿಂಗಾಲಿಗೆ ಬಡಿಯದಂತೆ ಹಿಂಬದಿಗೊಂದು ಪಟ್ಟಿ ಅಥವಾ ಬ್ರೇಕು ಇರಲೇಬೇಕು. ಬೆನ್ನಿನ ಮೇಲೆ ಹೊರಿಸುವ ಜೋಡಿಚೀಲಕ್ಕೆ ಮಿತಿ ಇನ್ನೂ ಬಿಗಿ: ನಾಯಿಯ ತೂಕದ ಕಾಲು ಭಾಗವನ್ನು ಮೀರಬಾರದೆಂಬುದು ರೂಢಿಯ ಅಳತೆ. 40 ಕಿಲೋ ತೂಗುವ ನಾಯಿಗೆ 10 ಕಿಲೋ, ಅದೂ ಎರಡು ಮಗ್ಗುಲಿಗೆ ಸಮನಾಗಿ, ಬೆನ್ನಿನ ನಡುವಿಗಲ್ಲದೆ ಭುಜದ ಕಡೆಗೆ.

ಈ ಅಳತೆಗಳನ್ನು ಕೈಬಿಟ್ಟಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆ ಸಾಕ್ಷಿ. ಅಲ್ಲಿ ಸಣ್ಣ ವ್ಯಾಪಾರಿಗಳ ನಾಯಿಬಂಡಿಗಳ ಮೇಲೆ ಮಿತಿಮೀರಿದ ದುಡಿಸುವಿಕೆಯ ದೂರುಗಳು ಬಂದವು. 1839ರ ಕಾಯ್ದೆ ಲಂಡನ್ನಿನಲ್ಲಿ ಅವುಗಳನ್ನು ನಿಷೇಧಿಸಿತು. 1854ರಲ್ಲಿ ನಿಷೇಧ ದೇಶಕ್ಕೆಲ್ಲ ಹಬ್ಬಿತು. ಕರುಣೆಯೇನೋ ನಿಜ. ಆದರೆ ನಾಯಿಹಿಂಡುಗಳನ್ನು ಮೈಲಿಗಟ್ಟಲೆ ಓಡಿಸುವ ಸಿರಿವಂತರ ನರಿಬೇಟೆಗೆ ತಡೆಯೊಡ್ಡಲು ಅದೇ ಪಾರ್ಲಿಮೆಂಟಿಗೆ 2004ರವರೆಗೆ, ಸರಿಯಾಗಿ ನೂರೈವತ್ತು ವರ್ಷ ಬೇಕಾಯಿತು. ಬಡವನ ಬಂಡಿ ಕಣ್ಣಿಗೆ ಬೀಳುವಷ್ಟು ಬೇಗ ಶ್ರೀಮಂತನ ವಿನೋದ ಬೀಳದು.

ಭಾರತದ ಕಾನೂನು ಹಿಡಿದ ದಾರಿ ಬೇರೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ರೂಪಿಸಿದ 1965ರ ನಿಯಮಗಳು ಎತ್ತು, ಕೋಣ, ಕುದುರೆ, ಹೇಸರಗತ್ತೆ, ಕತ್ತೆ, ಒಂಟೆಗಳ ಹೊರೆಯನ್ನು ಕಿಲೋ ಲೆಕ್ಕದಲ್ಲಿ ಗೊತ್ತುಪಡಿಸಿವೆ. ಕತ್ತೆಯ ಬೆನ್ನಿಗೆ 50 ಕಿಲೋ. ದಿನಕ್ಕೆ 9 ಗಂಟೆ ಮೀರಿ ದುಡಿಸಬಾರದು. ಉಷ್ಣತೆ 37 ಡಿಗ್ರಿ ದಾಟುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಈ ಪಟ್ಟಿಯಲ್ಲಿ ನಾಯಿಯ ಹೆಸರಿಲ್ಲ. ಇಲ್ಲಿ ನಾಯಿ ಬಂಡಿಗೆ ಹೂಡುವ ಪ್ರಾಣಿಯಾಗಿರಲಿಲ್ಲವಾದ್ದರಿಂದ ಅದು ಸಹಜವೇ. ಆದರೆ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಂಥ ಶೀತದೇಶದ ದುಡಿಮೆಯ ತಳಿಗಳು ಬೆಂಗಳೂರಿನ ಮನೆಗಳನ್ನು ಸೇರಿರುವಾಗ, ಅವುಗಳಿಂದ ಬಂಡಿ ಎಳೆಸುವ ಹವ್ಯಾಸವೂ ಹಿಂಬಾಲಿಸಿ ಬರುವುದು ಅಸಂಭವವಲ್ಲ. ಆಗ ಎತ್ತಿನ 37 ಡಿಗ್ರಿಯನ್ನು ನಾಯಿಗೆ ಅನ್ವಯಿಸಿದರೆ ಅದು ಕೊಲೆಯೇ ಸರಿ. ಎತ್ತಿನ ಮೈ ಬೆವರುತ್ತದೆ. ನಾಯಿ ಬೆವರುವುದು ಬಹುಮಟ್ಟಿಗೆ ಅಂಗಾಲಿನಲ್ಲಿ ಮಾತ್ರ. ಉಳಿದ ಕಾವನ್ನು ಅದು ತೇಕಿಯೇ ಹೊರಹಾಕಬೇಕು. ಇಮ್ಮಡಿ ತುಪ್ಪಳದ ನಾಯಿಗೆ ಬಯಲುಸೀಮೆಯ ಏಪ್ರಿಲ್‌ನ ಡಾಂಬರು ರಸ್ತೆ ಬರಿಗೈಯಲ್ಲಿ ನಡೆಯುವುದಕ್ಕೂ ಯೋಗ್ಯವಲ್ಲ, ಎಳೆಯುವ ಮಾತಂತೂ ದೂರವೇ ಉಳಿಯಿತು.

ಹಾಗೆಂದು ಕಟ್ಟಿಹಾಕಿ ಅನ್ನ ಹಾಕುವುದು ದಯೆಯೆನಿಸದು. ಸದಾ ಸರಪಳಿಯಲ್ಲಿರುವ ನಾಯಿಯನ್ನು ತಕ್ಕಮಟ್ಟಿಗೆ ಅಡ್ಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧವೆಂಬುದು ಎಷ್ಟು ಮನೆಗಳಿಗೆ ತಿಳಿದಿದೆ? ಕೆಲಸ ತಪ್ಪಿದ ತಳಿಯ ಪಾಡು ಬರ್ನೀಸ್‌ನ ಮೈಯಲ್ಲೇ ಬರೆದಿದೆ. ಮೋಟಾರು ಬಂದು ಬಂಡಿ ಮೂಲೆ ಸೇರಿದ ಮೇಲೆ, ಜ್ಯೂರಿಚ್‌ನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಮುಂತಾದವರ ಆಸ್ಥೆಯಿಂದ ತಳಿ ಉಳಿದುಕೊಂಡಿತು. ಆದರೆ ಕೆಲವೇ ನಾಯಿಗಳ ಸಂತತಿಯನ್ನು ಚೆಲುವಿಗಾಗಿ ಮತ್ತೆ ಮತ್ತೆ ಕೂಡಿಸಿದ್ದರಿಂದ ಕ್ಯಾನ್ಸರ್ ಅದಕ್ಕೆ ಕುಲಶಾಪವಾಯಿತು. ಅದರ ಸರಾಸರಿ ಆಯುಸ್ಸು ಎಂಟು ವರ್ಷದ ಆಸುಪಾಸು. ಅಂಗಳದ ರೈತ ನಾಯಿಯನ್ನು ಆಯುತ್ತಿದ್ದುದು ಅದು ಎಷ್ಟು ದಿನ ಎಳೆದೀತು ಎಂದು ನೋಡಿ. ಪ್ರದರ್ಶನದ ತೀರ್ಪುಗಾರನ ಕಣ್ಣು ಬಣ್ಣದ ಮೇಲೆ.

ಇನ್ನೊಂದು ಮಾತು ಕಾಡಿನದು. ಚಾರಣಕ್ಕೆ ಹೊರಟವರು ನಾಯಿಯ ಬೆನ್ನಿಗೆ ಚೀಲ ಏರಿಸಿ ಘಟ್ಟದ ಕಾಡುದಾರಿ ಹಿಡಿಯುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಅಂಟಾರ್ಕ್ಟಿಕಾದಲ್ಲಿ ದಶಕಗಟ್ಟಲೆ ಜಾರುಬಂಡಿ ಎಳೆದ ನಾಯಿಗಳನ್ನು 1991ರ ಮ್ಯಾಡ್ರಿಡ್ ಒಪ್ಪಂದದಂತೆ 1994ರ ಏಪ್ರಿಲ್ ಒಳಗೆ ಪೂರ್ತಿಯಾಗಿ ಹೊರಗೆ ಕಳಿಸಲಾಯಿತು. ಅವುಗಳಿಂದ ಡಿಸ್ಟೆಂಪರ್‌ನಂಥ ರೋಗ ಸೀಲ್‌ಗಳಿಗೆ ತಗಲೀತೆಂಬುದು ಅದಕ್ಕಿದ್ದ ಒಂದು ಮುಖ್ಯ ಕಾರಣ. ಪಶ್ಚಿಮಘಟ್ಟದ ಸೀಳುನಾಯಿಗೂ ಅದೇ ರೋಗದ ಭಯವಿದೆ.

ನಾಯಿ ಸಾಕಿದ ಗುಡ್ಡದ ಮನೆಯವರು ತಂಪುಹೊತ್ತಿನಲ್ಲಿ, ತೋಟದಿಂದ ಕೊಟ್ಟಿಗೆಯವರೆಗೆ, ಬಲಿತ ನಾಯಿಯಿಂದ ಒಂದು ಹುಲ್ಲುಹೊರೆಯ ಪುಟ್ಟ ಬಂಡಿಯನ್ನು ಎಳೆಸಿದರೆ ಆಕ್ಷೇಪಿಸಬೇಕಾದ್ದೇನೂ ಇಲ್ಲ. ಅಂಥ ದಿನ ಬರುವ ಮೊದಲೇ 1965ರ ಪಟ್ಟಿಗೆ ನಾಯಿಯ ಹೆಸರನ್ನೂ ಅದರ ವಯಸ್ಸು, ಹೊರೆ, ಉಷ್ಣತೆಯ ಮಿತಿಗಳನ್ನೂ ಪಶುವೈದ್ಯರಿಂದ ಕೇಳಿ ಸೇರಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ.